ಕೇಳುಗನ ಹೊಣೆ

ಹೊಸ ಸಂಗೀತವನ್ನು ಹುಡುಕಿಕೊಳ್ಳುವುದು ಈಗ ಅತ್ಯಂತ ಸುಲಭವಾಗಿದೆಯೆಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಮೇಲುನೋಟಕ್ಕೆ ಅದು ನಿರ್ವಿವಾದವಾದ ಮಾತಾಗಿಯೇ ಕಾಣುತ್ತದೆ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಹಾಡುಗಳು ಸ್ಟ್ರೀಮಿಂಗ್ ಭಂಡಾರಗಳಿಗೆ ಬಂದು ಸೇರುತ್ತಿರುವ ಈ ಕಾಲದಲ್ಲಿ, ಮ್ಯಾಂಚೆಸ್ಟರಿನ ಹಳೆಯ ಪಂಕ್ ತಂಡವಾಗಲಿ, ಸಿಯಾಟಲಿನ ಮರೆತುಹೋದ ಗ್ರಂಜ್ ತಂಡವಾಗಲಿ, ನಿನ್ನೆ ತಾನೇ ಯಾವುದೋ ಊರಿನ ಗ್ಯಾರೇಜಿನಲ್ಲಿ ಹುಟ್ಟಿದ ಇಂಡಿ ತಂಡವಾಗಲಿ, ಬೆರಳು ಸೋಕಿಸಿದ ಮಾತ್ರಕ್ಕೆ ಮನೆಯೊಳಗೆ ಬಂದು ನುಡಿಯುತ್ತದೆ. ಆದರೆ ದೊರೆಯುವುದು ಬೇರೆ, ಕಂಡುಕೊಳ್ಳುವುದು ಬೇರೆ. ಕಂಡುಕೊಂಡೆನೆಂದು ಹೇಳಬೇಕಾದರೆ, ಎದುರಿಗೆ ಬಂದ ಅಸಂಖ್ಯಾತ ಧ್ವನಿಗಳಲ್ಲಿ ಒಂದನ್ನು ಗುರುತಿಸಿ, ಅದು ಯಾರದು, ಎಲ್ಲಿಂದ ಬಂದಿತು, ಏತಕ್ಕಾಗಿ ಹಾಗೆ ನುಡಿಯುತ್ತದೆಯೆಂಬುದನ್ನು ಅರಿತು, ಅದಕ್ಕೆ ತನ್ನ ಬಾಳಿನಲ್ಲಿ ಒಂದು ಸ್ಥಾನವನ್ನು ಕೊಟ್ಟಿರಬೇಕು. ಈ ಅರ್ಥದಲ್ಲಿ ಶೋಧವೆಂಬುದು ಯಾವ ಕಾಲದಲ್ಲಿಯೂ ಒಂಟಿ ಕಿವಿಯ ಸಾಹಸವಾಗಿರಲಿಲ್ಲ. ಇದನ್ನು ಕೇಳು, ಇದಕ್ಕೆ ನಾನು ಹೊಣೆ ಎಂದು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೇಳುವ ಸಾಕ್ಷ್ಯದ ಪರಂಪರೆಯೇ ಅಜ್ಞಾತ ಸಂಗೀತವನ್ನು ಈವರೆಗೆ ಬದುಕಿಸಿಕೊಂಡು ಬಂದಿದೆ. ಆ ಪರಂಪರೆ ಸಡಿಲವಾದರೆ ಭಂಡಾರವೆಷ್ಟು ತುಂಬಿದರೂ ಶೋಧ ಬರಡಾಗುತ್ತದೆ. ಈ ಮಾತನ್ನು ಆ ಸಂಗೀತದ ಇತಿಹಾಸದಿಂದಲೇ ಸಮರ್ಥಿಸುವುದು ಈ ಲೇಖನದ ಉದ್ದೇಶ.

ಮೊದಲು ವಿಷಯದ ಎಲ್ಲೆಯನ್ನು ಗುರುತಿಸಿಕೊಳ್ಳಬೇಕು. 1970ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ತಲೆಯೆತ್ತಿದ ಪಂಕ್, ಮೂರು ನಾಲ್ಕು ಕಾರ್ಡುಗಳ, ಎರಡು ಮೂರು ನಿಮಿಷಗಳ, ಅತಿವೇಗದ ಹಾಡನ್ನು ತನ್ನದನ್ನಾಗಿ ಮಾಡಿಕೊಂಡಿತು. 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ಪ್ರಾಂತದಲ್ಲಿ ರೂಪುಗೊಂಡ ಗ್ರಂಜ್, ಪಂಕಿನ ಒರಟುತನವನ್ನು ಹೆವಿ ಮೆಟಲಿನ ಭಾರದೊಡನೆ ಬೆರೆಸಿ, ಗಿಟಾರಿನ ನಾದವನ್ನು ಬೇಕೆಂದೇ ಕದಡಿತು. ಇಂಡಿಯೆಂಬ ಹೆಸರಾದರೋ, ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಧ್ವನಿಮುದ್ರಿಕೆಗಳನ್ನು ಹೊರತಂದ ತಂಡಗಳಿಗೆಲ್ಲ ಅನ್ವಯಿಸುವಷ್ಟು ವಿಶಾಲವಾದದ್ದು. ಕಿವಿಗೆ ಕೇಳುವ ರೂಪದಲ್ಲಿ ಈ ಮೂರಕ್ಕೂ ಇರುವ ಭೇದ ಅಲ್ಪವಲ್ಲ. ಆದರೂ ಅವುಗಳನ್ನು ಒಂದೇ ವಂಶಕ್ಕೆ ಸೇರಿದವೆಂದು ಹೇಳುವಂತೆ ಮಾಡುವುದು ಅವುಗಳ ಹುಟ್ಟಿನ ಮತ್ತು ಸಂಚಾರದ ಕ್ರಮ: ಸಣ್ಣ ಬಂಡವಾಳ, ಸಣ್ಣ ಸಭೆ, ಕೈಯಿಂದ ಕೈಗೆ ಸಾಗುವ ರೆಕಾರ್ಡು, ಮತ್ತು ಹಾಡುವವನಿಗೂ ಕೇಳುವವನಿಗೂ ನಡುವೆ ಇದ್ದೂ ಇಲ್ಲದಂತಿರುವ ಅಂತರ.

ಈ ಅಂತರ ಎಷ್ಟು ಕಿರಿದಾಗಿತ್ತೆಂಬುದನ್ನು ತಿಳಿಯಲು ಒಂದು ರೆಕಾರ್ಡಿನ ಹೊದಿಕೆಯನ್ನು ಹತ್ತಿರದಿಂದ ನೋಡಿದರೆ ಸಾಕು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡದವರು ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ನಾಲ್ಕು ಹಾಡುಗಳ ರೆಕಾರ್ಡನ್ನು ನ್ಯೂ ಹಾರ್ಮೋನ್ಸ್ ಎಂಬ ತಮ್ಮದೇ ಲೇಬಲಿನಿಂದ ಹೊರತಂದರು. ಸುಮಾರು 500 ಪೌಂಡುಗಳನ್ನು ಬಂಧುಮಿತ್ರರಿಂದ ಸಾಲವಾಗಿ ಪಡೆದು, ಮೊದಲಿಗೆ 1,000 ಪ್ರತಿಗಳನ್ನು ಮಾತ್ರ ಒತ್ತಿಸಿದ ಆ ರೆಕಾರ್ಡಿನ ಹೊದಿಕೆಯ ಮೇಲೆ, ಪ್ರತಿಯೊಂದು ಹಾಡೂ ಎಷ್ಟನೆಯ ಟೇಕಿನಲ್ಲಿ ಸಿದ್ಧಿಸಿತು, ಆಮೇಲೆ ಅದರ ಮೇಲೆ ಎಷ್ಟು ಓವರ್‌ಡಬ್ಬುಗಳನ್ನು ಹೊಂದಿಸಲಾಯಿತು ಎಂಬ ವಿವರವನ್ನು ಅಚ್ಚುಮಾಡಿದ್ದರು. ಅದೇ ವರ್ಷ ಲಂಡನ್ನಿನ ಡೆಸ್ಪರೇಟ್ ಬೈಸಿಕಲ್ಸ್ ತಂಡ ತನ್ನ ಮೊದಲ ರೆಕಾರ್ಡಿಗೆ ತಗುಲಿದ ವೆಚ್ಚ 153 ಪೌಂಡು ಮಾತ್ರವೆಂದು ಸಾರಿತು. ಮರುವರ್ಷ ಸ್ಕ್ರಿಟ್ಟಿ ಪೊಲಿಟ್ಟಿಯವರು ತಮ್ಮ ಮೊದಲ ರೆಕಾರ್ಡಿನ ಕೈತಯಾರಿಕೆಯ ಹೊದಿಕೆಯ ಮೇಲೆ ಉತ್ಪಾದನೆಯ ಖರ್ಚನ್ನು ಬಾಬುಬಾಬಾಗಿ ಬರೆದರು. ಮಾರುವವನು ತನ್ನ ಲೆಕ್ಕದ ಪುಸ್ತಕವನ್ನು ಕೊಳ್ಳುವವನ ಮುಂದೆ ಬಿಚ್ಚಿಡುವುದು ವಾಣಿಜ್ಯದ ಸ್ವಭಾವವಲ್ಲ. ಈ ತಂಡಗಳು ಹಾಗೆ ಮಾಡಿದುದಕ್ಕೆ ಕಾರಣ, ತಮ್ಮನ್ನು ಕೇಳುವವನು ನಾಳೆ ತಾನೂ ಒಂದು ತಂಡವನ್ನು ಕಟ್ಟಬಲ್ಲವನೆಂದು ಅವರು ನಂಬಿದ್ದುದು. ಆ ನಂಬಿಕೆಗೆ ಆಧಾರವೂ ಇದ್ದಿತು. 1976ರ ಜೂನ್ 4ರಂದು ಬಜ್‌ಕಾಕ್ಸ್ ತಂಡದ ಹವರ್ಡ್ ಡಿವೋಟೋ ಮತ್ತು ಪೀಟ್ ಶೆಲ್ಲಿ ಇಬ್ಬರೂ ಸೆಕ್ಸ್ ಪಿಸ್ಟಲ್ಸ್ ತಂಡವನ್ನು ತಮ್ಮ ಊರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲಿಗೆ ಕರೆಸಿದಾಗ ಅಲ್ಲಿ ನೆರೆದವರು ಕೆಲವು ಡಜನ್ ಮಂದಿ ಮಾತ್ರ. ಆದರೆ ಮುಂದೆ ಜಾಯ್ ಡಿವಿಷನ್ ತಂಡವನ್ನು ಕಟ್ಟಿದ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಆ ಸಣ್ಣ ಗುಂಪಿನಲ್ಲಿಯೇ ಇದ್ದರು.

ಹಾಡುವವರು ಇಷ್ಟು ಸಮೀಪ ಬಂದರೂ, ಅವರಿದ್ದಾರೆಂಬ ಸುದ್ದಿ ಪರಸ್ಥಳದ ಕೇಳುಗನಿಗೆ ಮುಟ್ಟಬೇಕಾದರೆ ಮಧ್ಯಸ್ಥನೊಬ್ಬ ಬೇಕಾಗುತ್ತದೆ. 1976ರ ಜುಲೈಯಲ್ಲಿ ಲಂಡನ್ನಿನ ಬ್ಯಾಂಕ್ ಗುಮಾಸ್ತನಾದ ಮಾರ್ಕ್ ಪೆರ್ರಿ ಟೈಪ್ ಮಾಡಿ ಪ್ರತಿಗಳನ್ನು ತೆಗೆಸಿ ಹಂಚಿದ ‘ಸ್ನಿಫಿನ್ ಗ್ಲೂ’ ಎಂಬ ಫ್ಯಾನ್‌ಜಿನ್, ಅಂದರೆ ಅಭಿಮಾನಿಯೇ ಹೊರಡಿಸುವ ಕಿರುಪತ್ರಿಕೆ, ಅಂತಹ ಮಧ್ಯಸ್ಥಿಕೆಯ ಆದಿರೂಪಗಳಲ್ಲೊಂದು. ದೊಡ್ಡ ಪತ್ರಿಕೆಗಳ ವಿಮರ್ಶಕನಿಗಿದ್ದ ಅಧಿಕಾರ ಪೆರ್ರಿಗೆ ಇರಲಿಲ್ಲ. ಅವನಿಗಿದ್ದುದು ಕೇಳಿದ್ದನ್ನು ಮರುದಿನವೇ ಇನ್ನೊಬ್ಬರಿಗೆ ಹೇಳಬೇಕೆಂಬ ತವಕ. ತನ್ನ ಪತ್ರಿಕೆ ಜನಪ್ರಿಯವಾಗುತ್ತಿದ್ದಂತೆ, ಅದನ್ನೇ ನೆಚ್ಚಿ ಕೂರದೆ ತಮ್ಮ ತಮ್ಮ ಪತ್ರಿಕೆಗಳನ್ನು ಆರಂಭಿಸಿರೆಂದು ಓದುಗರನ್ನು ಪ್ರೇರಿಸಿದ ಅವನು, ಮರುವರ್ಷವೇ ಅದನ್ನು ನಿಲ್ಲಿಸಿಬಿಟ್ಟನು. ಇದಕ್ಕಿಂತ ಭಿನ್ನವಾದ, ಆದರೆ ಅಷ್ಟೇ ಪ್ರಾಮಾಣಿಕವಾದ ಮಧ್ಯಸ್ಥಿಕೆ ಬಿ.ಬಿ.ಸಿ.ಯ ಜಾನ್ ಪೀಲನದು. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ರೇಡಿಯೋ 1ರಲ್ಲಿ ತನ್ನ ಕಾರ್ಯಕ್ರಮವನ್ನು ನಡೆಸಿದ ಪೀಲ್, ಅಪರಿಚಿತರು ಅಂಚೆಯಲ್ಲಿ ಕಳುಹಿಸಿದ ರೆಕಾರ್ಡುಗಳನ್ನೂ ಕ್ಯಾಸೆಟ್ಟುಗಳನ್ನೂ ಶ್ರದ್ಧೆಯಿಂದ ಕೇಳುತ್ತಿದ್ದವನು. 1978ರಲ್ಲಿ ಉತ್ತರ ಐರ್ಲೆಂಡಿನ ದಿ ಅಂಡರ್‌ಟೋನ್ಸ್ ಎಂಬ ಹುಡುಗರ ತಂಡ, ಬೆಲ್‌ಫಾಸ್ಟಿನಲ್ಲಿ ಟೆರ್ರಿ ಹೂಲಿ ನಡೆಸುತ್ತಿದ್ದ ಗುಡ್ ವೈಬ್ರೇಷನ್ಸ್ ಎಂಬ ಪುಟ್ಟ ಲೇಬಲಿನಿಂದ ಹೊರತಂದ ‘ಟೀನೇಜ್ ಕಿಕ್ಸ್’ ಹಾಡನ್ನು ಅವನು ಒಮ್ಮೆ ಪ್ರಸಾರಮಾಡಿ, ಅದು ಮುಗಿದೊಡನೆ ಎರಡನೆಯ ಸಲವೂ ಪ್ರಸಾರಮಾಡಿದನು. ರಾಷ್ಟ್ರೀಯ ಬಾನುಲಿಯಲ್ಲಿ ಒಂದೇ ಹಾಡನ್ನು ಬೆನ್ನುಬೆನ್ನಿಗೆ ಎರಡು ಸಲ ಹಾಕುವುದು ಶಿಸ್ತಿನ ಭಂಗವೇ ಸರಿ. ಆದರೆ ಆ ಭಂಗದಲ್ಲಿಯೇ ಕೇಳುಗನು ಒಬ್ಬ ಮನುಷ್ಯನ ಸಂತೋಷವನ್ನು ಗುರುತಿಸಿದನು, ಮತ್ತು ಆ ಸಂತೋಷವನ್ನು ನಂಬಿ ಹಾಡನ್ನು ತನ್ನದಾಗಿಸಿಕೊಂಡನು.

ಅಮೆರಿಕದಲ್ಲಿ ಇದೇ ಕಾರ್ಯ ಒಂದು ವ್ಯವಸ್ಥೆಯ ರೂಪವನ್ನೇ ತಾಳಿತು. ಅದಕ್ಕೆ ನೆಲೆಯಾದದ್ದು ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಎಂಬ ಚಿಕ್ಕ ಪಟ್ಟಣ. ಅಲ್ಲಿನ ಎವರ್‌ಗ್ರೀನ್ ಕಾಲೇಜಿನ ಬಾನುಲಿ ಕೇಂದ್ರವಾದ ಕೇಯಾಸ್, ತಾನು ಪ್ರಸಾರಮಾಡುವ ಸಂಗೀತದಲ್ಲಿ ನೂರಕ್ಕೆ ಎಂಬತ್ತು ಪಾಲು ಸ್ವತಂತ್ರ ಲೇಬಲುಗಳದಾಗಿರಬೇಕೆಂದು ನಿಯಮ ಮಾಡಿಕೊಂಡಿತ್ತು. ಆ ವಲಯದಲ್ಲಿದ್ದ ಜಾನ್ ಫಾಸ್ಟರ್ 1979ರಲ್ಲಿ ಆರಂಭಿಸಿದ ‘ಆಪ್’ ಎಂಬ ಪತ್ರಿಕೆ ಸ್ವತಂತ್ರ ಸಂಗೀತಕ್ಕೇ ಮುಡಿಪಾಗಿತ್ತು. ಅದರ ಒಂದೊಂದು ಸಂಚಿಕೆಯೂ ಇಂಗ್ಲಿಷ್ ವರ್ಣಮಾಲೆಯ ಒಂದೊಂದು ಅಕ್ಷರವನ್ನು ಹಿಡಿದು, ಆ ಅಕ್ಷರದಿಂದ ಮೊದಲಾಗುವ ಹೆಸರಿನ ಕಲಾವಿದರನ್ನು ಪರಿಚಯಿಸುತ್ತ ಸಾಗಿ, ಇಪ್ಪತ್ತಾರು ಅಕ್ಷರಗಳೂ ಮುಗಿದ ಮೇಲೆ 1984ರಲ್ಲಿ ಪತ್ರಿಕೆಯೂ ಮುಗಿಯಿತು. ಈ ಕ್ರಮದ ಔದಾರ್ಯವನ್ನು ನಾವು ಗಮನಿಸಬೇಕು. ಖ್ಯಾತಿಯನ್ನಾಗಲಿ ಮಾರಾಟವನ್ನಾಗಲಿ ಅಳತೆಗೋಲಾಗಿ ಹಿಡಿಯದೆ ಅಕ್ಷರಕ್ರಮವನ್ನು ಹಿಡಿದುದರಿಂದ, ಮನೆಯಲ್ಲಿ ಕೂತು ಒಂದೇ ಒಂದು ಕ್ಯಾಸೆಟ್ಟನ್ನು ತಯಾರಿಸಿದವನಿಗೂ, ಹತ್ತು ರೆಕಾರ್ಡುಗಳನ್ನು ಹೊರತಂದವನಿಗೂ ಅಲ್ಲಿ ಒಂದೇ ಪಂಕ್ತಿ. ಈ ‘ಆಪ್’ ಪತ್ರಿಕೆಗೆ ಬರೆಯುತ್ತಿದ್ದವರಲ್ಲಿ ಬ್ರೂಸ್ ಪ್ಯಾವಿಟ್ ಎಂಬ ವಿದ್ಯಾರ್ಥಿಯೂ ಒಬ್ಬ. ಅವನು 1980ರಲ್ಲಿ ‘ಸಬ್‌ಟೆರೇನಿಯನ್ ಪಾಪ್’ ಎಂಬ ತನ್ನ ಫ್ಯಾನ್‌ಜಿನ್ನನ್ನು ಪ್ರಾರಂಭಿಸಿ, ಅಮೆರಿಕದ ಊರೂರಿನ ಸಣ್ಣ ತಂಡಗಳ ವಾರ್ತೆಯನ್ನು ಸಂಗ್ರಹಿಸಿ ಕೊಟ್ಟನು; ಕೆಲವು ಸಂಚಿಕೆಗಳನ್ನು ಕಾಗದಕ್ಕೆ ಬದಲಾಗಿ ಕ್ಯಾಸೆಟ್ಟಿನ ರೂಪದಲ್ಲಿಯೇ ಹೊರತಂದನು.

ಆ ಫ್ಯಾನ್‌ಜಿನ್ನೇ ಬೆಳೆದು, ಜೊನಾಥನ್ ಪೋನ್‌ಮನ್ನನ ಸಹಯೋಗದಿಂದ ಸಿಯಾಟಲಿನಲ್ಲಿ ಸಬ್ ಪಾಪ್ ಎಂಬ ಲೇಬಲಾಯಿತು. ಗ್ರಂಜ್ ಎಂದು ಜಗತ್ತು ಮುಂದೆ ಕರೆದ ಸಂಗೀತಕ್ಕೆ ಆ ಲೇಬಲು ಮಾಡಿದ ಉಪಕಾರ ದೊಡ್ಡದು. 1988ರ ನವೆಂಬರಿನಲ್ಲಿ ಅವರು ಚಂದಾದಾರರ ಸಿಂಗಲ್ಸ್ ಕ್ಲಬ್ಬೊಂದನ್ನು ಆರಂಭಿಸಿದರು. ಮುಂಗಡವಾಗಿ ಹಣ ಕಟ್ಟಿದವರಿಗೆ ತಿಂಗಳಿಗೊಂದು ರೆಕಾರ್ಡು ಅಂಚೆಯಲ್ಲಿ ಬರುವುದು. ಅದು ಯಾರದೆಂದು ಆರಿಸುವ ಹಕ್ಕು ಚಂದಾದಾರನದಲ್ಲ. ಹೆಸರೇ ಕೇಳದ ತಂಡದ ಹಾಡಿಗೆ, ಕೇಳುವ ಮೊದಲೇ ಹಣ ತೆರುವ ಈ ಏರ್ಪಾಡು ಲೇಬಲಿನ ಅಭಿರುಚಿಯ ಮೇಲಿನ ವಿಶ್ವಾಸದಿಂದಲ್ಲದೆ ನಡೆಯಲಾರದು. ಆ ಸರಣಿಯ ಮೊದಲ ರೆಕಾರ್ಡು, ಸಂಖ್ಯೆ ಬರೆದ 1,000 ಪ್ರತಿಗಳದ್ದು, ಅಬರ್ಡೀನ್ ಎಂಬ ಮರದ ವ್ಯಾಪಾರದ ಊರಿನಿಂದ ಬಂದ ನಿರ್ವಾಣ ಎಂಬ ತಂಡದ ‘ಲವ್ ಬಜ್’. ಮರುವರ್ಷ ಜೂನಿನಲ್ಲಿ ಹೊರಬಂದ ಅವರ ಮೊದಲ ಆಲ್ಬಂ ‘ಬ್ಲೀಚ್’ ಜಾಕ್ ಎಂಡಿನೋನ ಸ್ಟುಡಿಯೋದಲ್ಲಿ 606 ಡಾಲರ್ 17 ಸೆಂಟಿನ ವೆಚ್ಚದಲ್ಲಿ ಮುಗಿದಿತ್ತು. ಆ ಹಣವನ್ನು ಕೊಟ್ಟವನು ಆಗ ತಂಡದೊಡನಿದ್ದ ಜೇಸನ್ ಎವರ್‌ಮನ್ ಎಂಬ ಗೆಳೆಯ. ಎರಡು ವರ್ಷಗಳ ತರುವಾಯ ಒಂದು ದೊಡ್ಡ ಕಂಪನಿಯ ಮೂಲಕ ಬಂದ ‘ನೆವರ್‌ಮೈಂಡ್’ 1992ರ ಜನವರಿಯಲ್ಲಿ ಮೈಕಲ್ ಜ್ಯಾಕ್ಸನ್ನನ ಆಲ್ಬಮನ್ನು ಹಿಂದೂಡಿ ಅಮೆರಿಕದ ಮಾರಾಟಪಟ್ಟಿಯ ತುದಿಗೇರಿದುದು ಎಲ್ಲರೂ ಬಲ್ಲ ಸಂಗತಿ. ಆ ಶಿಖರದ ಕೆಳಗೆ ಒಂದು ದಶಕಕ್ಕೂ ಮಿಕ್ಕಿ ಕಾಲೇಜು ಬಾನುಲಿ, ಫ್ಯಾನ್‌ಜಿನ್, ಚಂದಾದಾರ, ಸಾಲ ಕೊಟ್ಟ ಗೆಳೆಯ ಇವರೆಲ್ಲರೂ ಕಲ್ಲುಹೊತ್ತಿದ್ದರೆಂಬುದನ್ನು ಬಲ್ಲವರು ಕಡಮೆ.

ಖ್ಯಾತಿ ಬಂದ ಮೇಲೆ ನಡೆದ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಚಿತ. 1992ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಗ್ರಂಜ್ ತರುಣರು ಬಳಸುವ ಪದಗಳದೆಂದು ಒಂದು ಪಟ್ಟಿಯನ್ನು ಅಚ್ಚುಮಾಡಿತು. ಹಿಂದೆ ಸಬ್ ಪಾಪ್‌ನಲ್ಲಿ ಕೆಲಸಮಾಡಿದ್ದ ಮೇಗನ್ ಜಾಸ್ಪರ್ ಎಂಬಾಕೆ ದೂರವಾಣಿಯಲ್ಲಿಯೇ ಕಲ್ಪಿಸಿ ಹೇಳಿದ ಆ ಪದಗಳನ್ನು ಸಿಯಾಟಲಿನಲ್ಲಿ ಯಾರೂ ಆಡುತ್ತಿರಲಿಲ್ಲ. ಅಷ್ಟು ಗೌರವಾನ್ವಿತವಾದ ಪತ್ರಿಕೆ ಹಾಗೆ ಮೋಸಹೋದದ್ದು, ಆ ಸಂಗೀತವನ್ನು ಒಳಗಿನಿಂದ ಬಲ್ಲವರ ಸಖ್ಯವಿಲ್ಲದೆ ಅದರ ವಾರ್ತೆಯನ್ನು ಮಾತ್ರ ಬಯಸಿದ್ದರಿಂದ. ಅದೇ ವರ್ಷ ನಿರ್ವಾಣದ ಗಾಯಕ ಕರ್ಟ್ ಕೊಬೇನ್ ಲಂಡನ್ನಿಗೆ ಬಂದಿದ್ದಾಗ, 1979ರ ಒಂದು ಹಳೆಯ ರೆಕಾರ್ಡನ್ನು ಹುಡುಕುತ್ತ ರಫ್ ಟ್ರೇಡ್ ಅಂಗಡಿಗೆ ಹೋದನು. ಅದು ದಿ ರೇನ್‌ಕೋಟ್ಸ್ ಎಂಬ ಮಹಿಳೆಯರ ತಂಡದ ಮೊದಲ ಆಲ್ಬಂ. ಅಂಗಡಿಯಲ್ಲಿ ಅದು ಇರಲಿಲ್ಲ. ಆದರೆ ತಂಡದ ಆನಾ ಡ ಸಿಲ್ವಾ ಹತ್ತಿರದ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಕೆಲಸಮಾಡುತ್ತಿದ್ದಾರೆಂದು ತಿಳಿದು, ಅವನು ಅಲ್ಲಿಗೇ ಹೋಗಿ ಅವರನ್ನು ಕಂಡನು. ಈ ಭೇಟಿಯ ಸಂಗತಿಯನ್ನು ಅವನು ತನ್ನ ತಂಡದ ಮುಂದಿನ ರೆಕಾರ್ಡಿನ ಟಿಪ್ಪಣಿಯಲ್ಲಿ ಬರೆದನು. ಕೊಳ್ಳಲು ಸಿಗದಿದ್ದ ರೇನ್‌ಕೋಟ್ಸ್ ಆಲ್ಬಮುಗಳು ಮತ್ತೆ ಮುದ್ರಣಗೊಂಡವು. ಲಕ್ಷಾಂತರ ಜನರ ಕಣ್ಣು ತನ್ನ ಮೇಲಿರುವಾಗ ಆ ಕಣ್ಣುಗಳನ್ನು ಇನ್ನೊಬ್ಬರ ಕಡೆಗೆ ತಿರುಗಿಸುವುದು ಅವನ ರೂಢಿಯೇ ಆಗಿತ್ತು: ಟೆಕ್ಸಸಿನ ಆಸ್ಟಿನ್ ನಗರದಲ್ಲಿ, ಪ್ರತಿ ತೆಗೆಯುವ ಯಂತ್ರವಿಲ್ಲದೆ ಒಂದೊಂದು ಕ್ಯಾಸೆಟ್ಟಿಗೂ ಹಾಡನ್ನು ಮರಳಿ ಹಾಡಿ ಜನರಿಗೆ ಹಂಚುತ್ತಿದ್ದ ಡ್ಯಾನಿಯಲ್ ಜಾನ್‌ಸ್ಟನ್ ಬಿಡಿಸಿದ ಚಿತ್ರವಿದ್ದ ಅಂಗಿಯನ್ನು ತೊಟ್ಟು ಅವನು ದೂರದರ್ಶನದ ಸಮಾರಂಭಕ್ಕೆ ಬಂದದ್ದೂ ಈ ಕಾರಣಕ್ಕಾಗಿಯೇ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ಮನುಷ್ಯರ ಸಾಕ್ಷ್ಯವನ್ನು ಇಷ್ಟು ಕೊಂಡಾಡುವಾಗ, ಆ ಮನುಷ್ಯರ ವಲಯ ಸಂಕುಚಿತವಾಗಿದ್ದುದನ್ನು ಮರೆಯಬಹುದೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಡೆಟ್ರಾಯಿಟ್ ನಗರದ ಹ್ಯಾಕ್ನಿ ಎಂಬ ಮನೆತನದ ಮೂವರು ಆಫ್ರಿಕನ್-ಅಮೆರಿಕನ್ ಸಹೋದರರು ಡೆತ್ ಎಂಬ ಹೆಸರಿನಲ್ಲಿ 1975ರಲ್ಲಿಯೇ, ಅಂದರೆ ಪಂಕಿನ ಹೆಸರು ಜನಜನಿತವಾಗುವ ಮೊದಲೇ, ಅದೇ ವೇಗದ ಅದೇ ಉಗ್ರತೆಯ ಹಾಡುಗಳನ್ನು ಧ್ವನಿಮುದ್ರಿಸಿದ್ದರು. ತಂಡದ ಹೆಸರನ್ನು ಬದಲಿಸಿದರೆ ಒಪ್ಪಂದವೆಂಬ ದೊಡ್ಡ ಕಂಪನಿಯ ಷರತ್ತಿಗೆ ಅವರು ಒಪ್ಪಲಿಲ್ಲ. ತಾವೇ 500 ಪ್ರತಿಗಳನ್ನು ಒತ್ತಿಸಿದರು. ಆಗ ಅವರನ್ನು ಯಾರೂ ಕೇಳಲಿಲ್ಲ. 2009ರಲ್ಲಿ ಡ್ರ್ಯಾಗ್ ಸಿಟಿ ಲೇಬಲು ಆ ಹಾಡುಗಳನ್ನು ಆಲ್ಬಮಾಗಿ ಹೊರತರುವ ಹೊತ್ತಿಗೆ, ಹಿರಿಯನಾದ ಡೇವಿಡ್ ಹ್ಯಾಕ್ನಿ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು. ಪಂಕ್ ಬಿಳಿಯ ಗಂಡುಹುಡುಗರ ಸ್ವತ್ತೆಂಬ ಗ್ರಹಿಕೆ ಎಷ್ಟೋ ಧ್ವನಿಗಳನ್ನು ಹೊರಗಿಟ್ಟಿತೆಂಬುದು ಸತ್ಯ. ಆದರೆ ಆ ದೋಷಕ್ಕೆ ಪರಿಹಾರ ಎಲ್ಲಿಂದ ಬಂದಿತೆಂಬುದನ್ನೂ ನೋಡಬೇಕು. 1990ರ ದಶಕದ ಮೊದಲಲ್ಲಿ ಅದೇ ಒಲಿಂಪಿಯಾದಲ್ಲಿ ಬಿಕಿನಿ ಕಿಲ್ ಮೊದಲಾದ ತಂಡಗಳ ಹೆಣ್ಣುಮಕ್ಕಳು ತಮ್ಮ ಫ್ಯಾನ್‌ಜಿನ್ನುಗಳನ್ನು ತಾವೇ ಬರೆದು, ಸಭೆಯಲ್ಲಿ ಹುಡುಗಿಯರು ಮುಂದೆ ಬಂದು ನಿಲ್ಲಲೆಂದು ವೇದಿಕೆಯಿಂದಲೇ ಕೇಳಿ, ರಯಟ್ ಗರ್ಲ್ ಎಂಬ ಚಳವಳಿಯನ್ನು ಕಟ್ಟಿದರು. 1991ರ ಆಗಸ್ಟಿನಲ್ಲಿ ಕೆ ರೆಕಾರ್ಡ್ಸ್ ಲೇಬಲಿನವರು ಅಲ್ಲಿ ನಡೆಸಿದ ಸಮ್ಮೇಳನದ ಮೊದಲ ರಾತ್ರಿಯೇ ಮಹಿಳೆಯರ ತಂಡಗಳಿಗೆ ಮೀಸಲಾಯಿತು. ಡೆತ್ ತಂಡದ 500 ಪ್ರತಿಗಳನ್ನು ಮೂಲೆಗುಂಪಾಗದಂತೆ ಉಳಿಸಿದವರೂ ರೆಕಾರ್ಡು ಸಂಗ್ರಹಿಸುವ ಕೆಲವು ಶ್ರದ್ಧಾವಂತರೇ. ಸಾಕ್ಷಿಗಳು ಅಲ್ಪಸಂಖ್ಯರಾಗಿದ್ದುದು ದೋಷವಾದರೆ, ಹೆಚ್ಚು ಮಂದಿ, ಹೆಚ್ಚು ಬಗೆಯ ಮಂದಿ ಸಾಕ್ಷಿಗಳಾಗುವುದೇ ಅದಕ್ಕೆ ಮದ್ದು.

ಇಂದು ಈ ಸಾಕ್ಷಿಯ ಸ್ಥಾನದಲ್ಲಿ ಆಲ್ಗರಿದಮ್ಮನ್ನು ಕೂಡಿಸಲಾಗಿದೆ. ಅದರ ಶಕ್ತಿಯನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಅದರ ಸ್ವಭಾವವನ್ನು ಅರಿಯಬೇಕು. ಅದಕ್ಕೆ ಗೊತ್ತಿರುವುದು ಸಾದೃಶ್ಯ: ನೀವು ಮೆಚ್ಚಿದ ಹಾಡಿಗೆ ಯಾವುದು ಹೋಲುತ್ತದೆಯೋ ಅದನ್ನು ಮುಂದೆ ತಂದಿಡುತ್ತದೆ. ಗ್ಯಾಲಕ್ಸಿ 500 ಎಂಬ ಬೋಸ್ಟನ್ ಪ್ರಾಂತದ ತಂಡದ ಡ್ರಮ್ ವಾದಕನಾಗಿದ್ದ ಡೇಮನ್ ಕ್ರುಕೋವ್ಸ್ಕಿ ಈ ವಿಷಯದಲ್ಲಿ ಬರೆದಿರುವುದು ಮನನಯೋಗ್ಯವಾಗಿದೆ. 1989ರ ತಮ್ಮ ಆಲ್ಬಮಿನಲ್ಲಿದ್ದ ‘ಸ್ಟ್ರೇಂಜ್’ ಎಂಬ ಹಾಡು ಸಿಂಗಲ್ಲಾಗಿ ಬಂದುದೂ ಅಲ್ಲ, ಪ್ರಚಾರ ಪಡೆದುದೂ ಅಲ್ಲ. ಆದರೂ 2017ರ ಜನವರಿಯಿಂದೀಚೆಗೆ ಸ್ಪಾಟಿಫೈನಲ್ಲಿ ಅವರ ಹಾಡುಗಳಲ್ಲೆಲ್ಲ ಅದೇ ಮುಂದಾಗತೊಡಗಿತು. ಹುಡುಕಿ ನೋಡಿದಾಗ, ಒಂದು ಹಾಡು ಮುಗಿದೊಡನೆ ತಾನಾಗಿ ಮತ್ತೊಂದನ್ನು ನುಡಿಸುವ ಏರ್ಪಾಡು ಆ ವೇಳೆಗೆ ಜಾರಿಗೆ ಬಂದಿದ್ದುದೂ, ಅವರ ಹಾಡುಗಳಲ್ಲಿ ಅನ್ಯರ ಹಾಡುಗಳಿಗೆ ಅತಿಹೆಚ್ಚಾಗಿ ಹೋಲುತ್ತಿದ್ದುದು ಇದಾದ್ದರಿಂದ ಯಂತ್ರ ಇದನ್ನೇ ಆರಿಸುತ್ತಿದ್ದುದೂ ತಿಳಿದುಬಂದಿತು. ಒಂದು ತಂಡದ ವೈಶಿಷ್ಟ್ಯವೆಲ್ಲ ಯಾವುದರಲ್ಲಿದೆಯೋ ಅದನ್ನು ಬಿಟ್ಟು, ಆ ತಂಡ ಇತರರಂತೆ ಎಲ್ಲಿ ಕೇಳುತ್ತದೆಯೋ ಅಲ್ಲಿಗೆ ಕೇಳುಗನನ್ನು ಕರೆದೊಯ್ಯುವ ಮಾರ್ಗದರ್ಶಿ, ಅಜ್ಞಾತ ಸಂಗೀತಕ್ಕೆ ಒದಗುವ ಮಾರ್ಗದರ್ಶಿಯಲ್ಲ. ಪೀಲ್ ತನ್ನ ಕೇಳುಗರಿಗೆ ಅವರು ಈಗಾಗಲೇ ಮೆಚ್ಚಿದ್ದಕ್ಕೆ ಹೋಲದ್ದನ್ನೇ ರಾತ್ರಿ ರಾತ್ರಿ ಕೇಳಿಸಿದವನು. ಇದರ ಮೇಲೆ ಹಣದ ವಿಚಾರವೂ ಇದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಬಾರಿಯಾದರೂ ಕೇಳಲ್ಪಡದ ಹಾಡಿಗೆ ರಾಯಧನವಿಲ್ಲವೆಂಬ ನಿಯಮವನ್ನು ಸ್ಪಾಟಿಫೈ 2024ರಿಂದ ಜಾರಿಗೆ ತಂದಿದೆ. ಇಂದು ಹೊಸದಾಗಿ ಹುಟ್ಟುವ ಪಂಕ್ ತಂಡದ ಹಾಡುಗಳು ಆ ಗೆರೆಯ ಕೆಳಗೇ ಉಳಿದುಬಿಡಬಹುದು.

ಹಾಗೆಂದು ಶೋಧದ ಕಾಲ ಮುಗಿಯಿತೆಂದು ನಿಟ್ಟುಸಿರಿಡಬೇಕಾದುದಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಪಾಂಚಿಕೋ ಎಂಬ ಹುಡುಗರ ತಂಡ 2000ದಲ್ಲಿ ತನ್ನ ಹಾಡುಗಳ ಸುಮಾರು ಮೂವತ್ತು ಸಿ.ಡಿ.ಗಳನ್ನು ತಯಾರಿಸಿ, ಯಾರ ಗಮನಕ್ಕೂ ಬಾರದೆ ಚದುರಿಹೋಗಿತ್ತು. 2016ರಲ್ಲಿ ಆ ಊರಿನ ಧರ್ಮಾರ್ಥ ಅಂಗಡಿಯೊಂದರಲ್ಲಿ ಆ ಸಿ.ಡಿ.ಯ ಒಂದು ಪ್ರತಿ ಒಬ್ಬನ ಕೈಗೆ ಸಿಕ್ಕಿತು. ಕಾಲದ ಹೊಡೆತಕ್ಕೆ ಲೋಹದ ಪದರ ಕೆಟ್ಟು, ಹಾಡುಗಳು ನಡುನಡುವೆ ಕರಕರನೆ ಒಡೆಯುತ್ತಿದ್ದವು. ಅವನು ಅದನ್ನು ಅಂತರ್ಜಾಲದಲ್ಲಿ ಅಪರಿಚಿತರೊಡನೆ ಹಂಚಿಕೊಂಡನು. ಹೊದಿಕೆಯ ಮೇಲಿದ್ದ ಮೊದಲ ಹೆಸರುಗಳನ್ನಷ್ಟೇ ಹಿಡಿದು ಅವರು ವರ್ಷಗಟ್ಟಲೆ ಹುಡುಕಿ, 2020ರಲ್ಲಿ ತಂಡದವರನ್ನು ಪತ್ತೆಮಾಡಿದರು. ಇಪ್ಪತ್ತು ವರ್ಷಗಳ ಹಿಂದೆ ಬಿಟ್ಟ ವಾದ್ಯಗಳನ್ನು ಮತ್ತೆ ಕೈಗೆತ್ತಿಕೊಂಡ ಆ ಗೆಳೆಯರು ಈಗ ಅಮೆರಿಕದವರೆಗೂ ಹೋಗಿ ಹಾಡಿಬಂದಿದ್ದಾರೆ. ಅಂತರ್ಜಾಲ ಇಲ್ಲಿ ಸಾಧನವಾಯಿತು; ಆದರೆ ಕೆಟ್ಟ ಸಿ.ಡಿ.ಯನ್ನು ಎಸೆಯದೆ ಕಡೆಯವರೆಗೂ ಕೇಳಿದ ತಾಳ್ಮೆ, ಇದು ಯಾರದೆಂದು ತಿಳಿಯಲೇಬೇಕೆಂಬ ಹಟ, ಇವು ಮನುಷ್ಯರವು.

ಆದುದರಿಂದ ಹೊಸ ತಂಡಗಳನ್ನು ಕಂಡುಕೊಳ್ಳಬಯಸುವ ತರುಣರಿಗೆ ಹೇಳಬಹುದಾದ ಮಾತು ಸರಳವಾಗಿದೆ. ಒಂದು ರೆಕಾರ್ಡು ಹಿಡಿಸಿದರೆ ಅದನ್ನು ಹೊರತಂದ ಲೇಬಲಿನ ಉಳಿದ ರೆಕಾರ್ಡುಗಳನ್ನೂ ಕೇಳಿ. ಹೊದಿಕೆಯ ಮೇಲಿನ ಕೃತಜ್ಞತೆಯ ಸಾಲುಗಳಲ್ಲಿ ಯಾವ ತಂಡಗಳ ಹೆಸರಿದೆಯೆಂದು ಓದಿ. ಕಛೇರಿಗೆ ಹೋದಾಗ ಮುಖ್ಯ ತಂಡಕ್ಕೆ ಮೊದಲು ಹಾಡುವವರ ಹೊತ್ತಿಗೇ ಹೋಗಿ ನಿಲ್ಲಿ. ಬೆಂಗಳೂರಿನಂತಹ ನಗರದಲ್ಲಿಯೂ ಸಣ್ಣ ಸಭಾಂಗಣದಲ್ಲಿ ಇಪ್ಪತ್ತು ಮಂದಿಯ ಮುಂದೆ ಹಾಡುವ ತಂಡಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಇಪ್ಪತ್ತೊಂದನೆಯ ಕೇಳುಗನಿಗೆ. ಮೆಚ್ಚಿದ್ದನ್ನು ಹಣ ಕೊಟ್ಟು ಕೊಳ್ಳುವುದೂ ಈ ಶೋಧದ ಭಾಗವೇ. ವಾಷಿಂಗ್ಟನ್ ನಗರದಲ್ಲಿ ಇಯನ್ ಮಕಾಯ್ ಮತ್ತು ಜೆಫ್ ನೆಲ್ಸನ್ 1980ರಲ್ಲಿ ಸ್ಥಾಪಿಸಿದ ಡಿಸ್ಕಾರ್ಡ್ ಲೇಬಲು, ತನ್ನ ಮೊದಲ ರೆಕಾರ್ಡುಗಳ ಹೊದಿಕೆಯನ್ನು ಗೆಳೆಯರೊಡನೆ ಕೂತು ಕತ್ತರಿಸಿ, ಮಡಿಸಿ, ಅಂಟಿಸಿ ಸಿದ್ಧಪಡಿಸಿತು. ಮಕಾಯ್‌ನ ಫುಗಾಜಿ ತಂಡ ತನ್ನ ಕಛೇರಿಗಳ ಪ್ರವೇಶದರವನ್ನು ಸಾಧ್ಯವಾದಷ್ಟೂ 5 ಡಾಲರಿಗೆ ಮಿತಗೊಳಿಸಿ, ಎಲ್ಲ ವಯಸ್ಸಿನವರಿಗೂ ಬಾಗಿಲನ್ನು ತೆರೆದಿಟ್ಟಿತು. ಆ ಲೇಬಲು ನಾಲ್ಕು ದಶಕಗಳನ್ನು ದಾಟಿ ಬಾಳಿರುವುದಕ್ಕೆ ಅದರ ಸಂಯಮ ಒಂದು ಕಾರಣವಾದರೆ, ಅಂಚೆಯಲ್ಲಿ ಹಣ ಕಳುಹಿಸಿ ರೆಕಾರ್ಡು ತರಿಸಿಕೊಂಡ ಕೇಳುಗರ ನಿಷ್ಠೆ ಇನ್ನೊಂದು ಕಾರಣ.

ಎಲ್ಲಕ್ಕಿಂತ ಮಿಗಿಲಾದದ್ದು ಹೇಳುವ ಕರ್ತವ್ಯ. ತಾನು ಕಂಡುಕೊಂಡ ತಂಡ ಎಲ್ಲರಿಗೂ ತಿಳಿದರೆ ಅದರ ಸೊಗಸು ಕೆಡುವುದೆಂದು ಅದನ್ನು ಬಚ್ಚಿಟ್ಟುಕೊಳ್ಳುವ ಅಭಿಮಾನಿಗಳು ಹಿಂದೆಯೂ ಇದ್ದರು, ಈಗಲೂ ಇದ್ದಾರೆ; ಆ ಪ್ರೀತಿಯಲ್ಲಿ ಒಡೆತನದ ಅಂಶವೇ ಹೆಚ್ಚು. ಪೆರ್ರಿಯ ಪುಟಗಳಾಗಲಿ, ಫಾಸ್ಟರನ ಇಪ್ಪತ್ತಾರು ಸಂಚಿಕೆಗಳಾಗಲಿ, ಕೊಬೇನನ ಟಿಪ್ಪಣಿಯಾಗಲಿ ಹುಟ್ಟಿದುದು ಅದಕ್ಕೆ ವಿರುದ್ಧವಾದ ಮನೋಧರ್ಮದಿಂದ. ಕೇಳಿದವನು ಏತಕ್ಕಾಗಿ ಮೆಚ್ಚಿದನೆಂಬುದನ್ನು ಕಾರಣಸಹಿತವಾಗಿ ಮತ್ತೊಬ್ಬನಿಗೆ ಹೇಳಿದಾಗ ಮಾತ್ರ ಅವನ ಕೇಳ್ಮೆ ಪೂರ್ಣವಾಗುತ್ತದೆ. ಹಾಗೆ ಹೇಳುವಾಗ ಅವನು ತನ್ನ ಅಭಿರುಚಿಯನ್ನೇ ಪಣವಾಗಿಡುತ್ತಾನಾದ್ದರಿಂದ ಅವನ ಮಾತಿಗೆ ಯಂತ್ರದ ಸೂಚನೆಗೆ ಇರಲಾರದ ತೂಕ ಬರುತ್ತದೆ. ಸಣ್ಣ ತಂಡಕ್ಕೆ ಪ್ರಚಾರದ ಬಲವಿಲ್ಲ, ಬಂಡವಾಳವಿಲ್ಲ, ಕೆಲವೊಮ್ಮೆ ಎರಡನೆಯ ರೆಕಾರ್ಡು ಮಾಡುವಷ್ಟು ಆಯುಸ್ಸೂ ಇಲ್ಲ; ಅದಕ್ಕಿರುವ ಆಸ್ತಿಯೆಂದರೆ ಅದನ್ನು ಕೇಳಿದವರ ನಾಲಗೆ. ಒಳ್ಳೆಯದೊಂದನ್ನು ಕೇಳಿದವನು ಆ ಋಣವನ್ನು ತೀರಿಸುವ ಬಗೆ ಒಂದೇ: ಅದನ್ನು ಇನ್ನೂ ಕೇಳದವನೊಬ್ಬನನ್ನು ಹುಡುಕಿಕೊಂಡು ಹೋಗಿ, ತನ್ನ ಹೆಸರಿನ ಮೇಲೆ, ಕೇಳೆಂದು ಹೇಳುವುದು.